ಹಸಿರು ಬೋರ್ಡಿನ ಗಾಡಿಗೆ ಚಾರ್ಜ್ ಎಷ್ಟು?

ನನ್ನ ಹೆಂಡತಿ ಹಡಗಲಿ ರಸ್ತೆಯ ಒಂದು ಹಳ್ಳಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಾವಿರುವುದು ಕೊಟ್ಟೂರಿನಲ್ಲಿ. ಬೆಳಿಗ್ಗೆ ಹಗರಿಬೊಮ್ಮನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹಡಗಲಿ ಬಸ್ಸು, ಕ್ರಾಸಿನಲ್ಲಿ ಇಳಿದು ಊರೊಳಗೆ ನಡಿಗೆ. ಸಂಜೆ ಅದೇ ದಾರಿ ವಾಪಸ್. ಒಂದು ವರ್ಷದಿಂದ ಅವಳ ಎಡ ಮೊಣಕಾಲು ಬಸ್ಸಿನ ಮೆಟ್ಟಿಲನ್ನು ಒಪ್ಪುತ್ತಿಲ್ಲ. ಕಂಬಿ ಹಿಡಿದು, ಬಲಗಾಲು ಮೊದಲಿಟ್ಟು, ಮೈಯನ್ನು ಎಳೆದುಕೊಂಡು ಹತ್ತುತ್ತಾಳೆ. ಹಿಂದೆ ನಿಂತವರು, "ಲಗೂನ ಹತ್ರಿ ಟೀಚರಮ್ಮ, ಸೀಟು ಹೋಗ್ತಾವು" ಎನ್ನುತ್ತಾರೆ.

ಬೇಸಿಗೆ ರಜೆ ಶುರುವಾದ ದಿನ ಅವಳು ಚಪ್ಪಲಿ ಬಿಡುತ್ತಾ ಹೇಳಿದಳು: "ಹಿಂಗ ಆದ್ರ ರಜಾ ಮುಗದ ಮ್ಯಾಲ ನಾ ಸಾಲಿಗೆ ಹೋಗಂಗಿಲ್ಲ. ಕೆಲಸ ಬಿಡ್ತೀನಿ."

ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿವೆ. ಅವಳಿಗೆ ಪಾಠ ಬೇಸರವಾಗಿರಲಿಲ್ಲ, ದಾರಿ ಬೇಸರವಾಗಿತ್ತು. ನಮ್ಮ ಹಳೆಯ ಡೀಸೆಲ್ ಕಾರು ಸುದ್ದಿಯ ಬೆನ್ನು ಹತ್ತಿ ಬೆಳಿಗ್ಗೆ ಕೂಡ್ಲಿಗಿ, ಮಧ್ಯಾಹ್ನ ಹರಪನಹಳ್ಳಿ ಎಂದು ನನ್ನ ಜೊತೆ ತಿರುಗುತ್ತದೆ. ಅವಳಿಗೆ ಲೈಸೆನ್ಸ್ ಇದೆ, ಮೊದಲು ಓಡಿಸುತ್ತಿದ್ದಳು. ಆದರೆ ಕ್ಲಚ್ ಒತ್ತುವುದು ಎಡಗಾಲು. ನೋವಿರುವುದೂ ಅದಕ್ಕೇ.

ಕರೆಂಟಿನ ಕಾರಿಗೆ ಕ್ಲಚ್ಚೇ ಇರುವುದಿಲ್ಲ. ಕ್ಲಚ್ ಇಲ್ಲದ ಪೆಟ್ರೋಲ್ ಕಾರುಗಳೂ ಇವೆ, ಅವನ್ನೂ ವಿಚಾರಿಸಿದೆ. ಕೊಳ್ಳುವಾಗ ಅವು ಅಗ್ಗ, ದಿನವೂ ಅಷ್ಟು ದೂರ ಓಡಿಸಿದರೆ ದುಬಾರಿ. ಕರೆಂಟಿನದು ಇದಕ್ಕೆ ತಿರುಗುಮುರುಗು. ಆದರೆ ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಮಾರುವವರು ಕೊಡುವ ಉತ್ತರ ಒಂದು, ಕೊಂಡವರು ಕೊಡುವ ಉತ್ತರ ಇನ್ನೊಂದು. ಒಬ್ಬರ ಮಾತು ಕೇಳಿ ಸುದ್ದಿ ಬರೆಯಬಾರದು ಎಂಬುದು ನನ್ನ ಕಸುಬಿನ ಮೊದಲ ಪಾಠ. ಹಾಗಾಗಿ ಮೇ ತಿಂಗಳ ಒಂದು ಭಾನುವಾರ ಇಬ್ಬರೂ ಹಗರಿಬೊಮ್ಮನಹಳ್ಳಿಯ ಒಬ್ಬ ಶೇಂಗಾ ವ್ಯಾಪಾರಿಯ ಗೋದಾಮಿಗೆ ಹೋದೆವು. ಅವರು ಅಂಥ ಕಾರು ಕೊಂಡು ಎರಡು ಬೇಸಿಗೆ ಕಂಡವರು.

ಗೋದಾಮಿನ ಗೋಡೆಯಿಂದ ಬಂದ ದಪ್ಪ ವೈರು ರಸ್ತೆ ಬದಿ ನಿಂತ ಕಾರಿಗೆ ಚುಚ್ಚಿಕೊಂಡಿತ್ತು.

"ಕಂಪನಿಯವರು ಹೇಳಿದ್ದು ನಂಬಬ್ಯಾಡ್ರಿ ಅಣ್ಣಾರ," ಎಂದರು ವ್ಯಾಪಾರಿ. "ನಮ್ಮ ಬಿಸಿಲಾಗ ಎಸಿ ಹಾಕ್ಕೊಂಡು ಹೊಂಟ್ರಿ ಅಂದ್ರ ಅದರಾಗ ಒಂದು ಪಾಲು ಕಳದು ಲೆಕ್ಕ ಹಿಡೀರಿ. ಕೊಟ್ಟೂರಿಂದ ಅಕ್ಕಾರ ಸಾಲಿಗೆ ಹೋಗಿ ಬರಾಕ ಉಳದದ್ದು ಸಾಕು. ಮನ್ಯಾಗ ಮಾತ್ರ ಮೊದಲ ಅರ್ಥಿಂಗ್ ನೋಡಿಸ್ರಿ."

"ಅರ್ಥಿಂಗಾ?" ಎಂದೆ.

"ಹೂಂನ್ರಿ. ನೆಲ ಒಣಗಿ ಅರ್ಥಿಂಗ್ ಗುಂಡಿ ಬತ್ತಿತು ಅಂದ್ರ ಈ ಗಾಡಿ ಚಾರ್ಜ್ ತಗೊಳಂಗಿಲ್ಲ. ಮುನಿಸ್ಕೊಂಡು ಕುಂದರ್ತೈತಿ. ಬೇಸಿಗ್ಯಾಗ ನಾ ಆ ಗುಂಡಿಗೆ ಕೊಡದಲೆ ನೀರು ಹಾಕ್ತೀನಿ."

ನನ್ನ ಹೆಂಡತಿ ನಕ್ಕಳು. "ಅಂದ್ರ ಎತ್ತಿಗೆ ಕುಡಿಸಿದಂಗ ಇದಕ್ಕೂ ನೀರು ಕುಡಿಸಬೇಕು ಅನ್ರಿ."

"ಹಂಗ ಅನ್ಕೋರಿ ಅಕ್ಕಾರ. ಸಗಣಿ ಒಂದು ಹಾಕಂಗಿಲ್ಲ."

ಸ್ಟೆಪ್ನಿ ಎಲ್ಲಿದೆ ಎಂದು ಕೇಳಿದೆ. ಅವರ ಕಾರಿಗೆ ಕೊಟ್ಟೇ ಇರಲಿಲ್ಲ. ಪಂಕ್ಚರ್ ಮುಚ್ಚುವ ಅಂಟು ಮತ್ತು ಗಾಳಿ ತುಂಬುವ ಪುಟ್ಟ ಯಂತ್ರ ಕೊಟ್ಟಿದ್ದರು. ಅವಳ ಶಾಲೆಯ ದಾರಿಯ ಎರಡೂ ಬದಿ ಜಾಲಿ ಮುಳ್ಳು. ಅಂಟು ಮುಚ್ಚಲಾಗದಷ್ಟು ದೊಡ್ಡ ತೂತಾದರೆ ಏನು ಮಾಡುವುದು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಬ್ಯಾಟರಿ ವಿಷಯದಲ್ಲಿ ಸಿಕ್ಕಿತು: ಅದರ ಗ್ಯಾರಂಟಿ ಅವಳ ಉಳಿದ ಸರ್ವೀಸಿಗಿಂತ ಉದ್ದವಾಗಿತ್ತು.

ಆಗ ಕೈಚೀಲ ಹಿಡಿದ ಒಬ್ಬ ಮುದುಕಿ ರಸ್ತೆ ದಾಟಿ ಬಂದು ಕಾರಿನ ನಂಬರ್ ಪ್ಲೇಟನ್ನೇ ನೋಡುತ್ತಾ ನಿಂತಳು. "ಯಪ್ಪಾ, ಚಾರ್ಜ್ ಎಷ್ಟು?" ಎಂದಳು.

ವ್ಯಾಪಾರಿ ಕಿಟಕಿಯಿಂದ ಬಗ್ಗಿ ಪರದೆ ನೋಡಿ, "ಅರವತ್ತು ಐತಿ ನೋಡಬೇ" ಎಂದರು.

"ಅರವತ್ತಾ! ಬಸ್ಸು ನಮಗ ಪುಕ್ಕಟೆ ಐತಿ. ಹಡಗಲಿ ಬಸ್ಸು ತಪ್ಪೈತಿ ಅಂತ ಕೇಳಿದೆ, ಅಷ್ಟ. ಮೂವತ್ತು ಮಾಡ್ಕೋ."

"ಮೂವತ್ತಾದ್ರ ಗಾಡಿ ಹಡಗಲಿ ಮುಟ್ಟಿ ವಾಪಸ್ ಬರಂಗಿಲ್ಲಬೇ!"

"ಅಷ್ಟು ಡೀಜಲ್ ತಿಂತೈತೇನು ಇದು? ಹೋಗ್ಲಿ, ನಲವತ್ತು ತಗೋ."

ವ್ಯಾಪಾರಿಗೆ ಆಗ ಹೊಳೆಯಿತು. ಅವರು ಹೇಳಿದ್ದು ಬ್ಯಾಟರಿ, ಅವಳು ಕೇಳಿದ್ದು ಬಾಡಿಗೆ. ನಮ್ಮ ಕಡೆ ವೈಟ್ ಬೋರ್ಡ್ ಎಂದರೆ ಮನೆ ಗಾಡಿ, ಯೆಲ್ಲೋ ಬೋರ್ಡ್ ಎಂದರೆ ಬಾಡಿಗೆ ಗಾಡಿ. ಕರೆಂಟಿನ ಗಾಡಿಗೆ ಹಾಕುವ ಹಸಿರು ಬೋರ್ಡು ಎರಡೂ ಅಲ್ಲ. ಮುದುಕಿ ಅದನ್ನು ಹಳದಿಯ ಕಡೆಗೆ ಸೇರಿಸಿಕೊಂಡಿದ್ದಳು. ವ್ಯಾಪಾರಿ ಬಿಡಿಸಿ ಹೇಳಿದಾಗ ಅವಳೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ನನಗೆ ತಟ್ಟಿದ್ದು ಪುಕ್ಕಟೆ ಎಂಬ ಮಾತು. ಅಲ್ಲಿಯವರೆಗೆ ನಾನು ಕರೆಂಟಿನ ಖರ್ಚನ್ನು ನನ್ನ ಡೀಸೆಲ್ ಖರ್ಚಿನ ಪಕ್ಕ ಇಟ್ಟು ಎಷ್ಟು ಉಳಿಯುತ್ತದೆ ಎಂದು ನೋಡುತ್ತಿದ್ದೆ. ಆದರೆ ನನ್ನ ಹೆಂಡತಿ ಡೀಸೆಲ್ ಕಾರಿನಲ್ಲಿ ಶಾಲೆಗೆ ಹೋಗುವುದಿಲ್ಲ, ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲದ ಸರ್ಕಾರಿ ಬಸ್ಸಿನಲ್ಲಿ ಹೋಗುತ್ತಾಳೆ. ಅದರ ಪಕ್ಕ ಇಟ್ಟರೆ ಯಾವ ಕಾರೂ ನಷ್ಟವೇ. ಉಳಿತಾಯ ಎಂಬ ಕಾರಣ ಅಲ್ಲಿಗೇ ಬಿದ್ದುಹೋಯಿತು. ಬಸ್ಸು ಅವಳಿಂದ ವಸೂಲು ಮಾಡುತ್ತಿದ್ದುದು ಮೊಣಕಾಲನ್ನು. ಅದಕ್ಕೆ ದರ ಕಟ್ಟುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

"ಹೆಂಗೂ ಅಕ್ಕಾರ ಓಡಿಸಿ ನೋಡಬೇಕಲ್ಲ," ಎಂದರು ವ್ಯಾಪಾರಿ. "ಈ ಅಮ್ಮನ್ನ ಊರಿಗೆ ಬಿಟ್ಟು ಬರೋಣ ನಡೀರಿ."

ನನ್ನ ಹೆಂಡತಿ ಸ್ಟೀರಿಂಗ್ ಹಿಡಿದಳು. ವ್ಯಾಪಾರಿ ಚಾರ್ಜಿನ ವೈರು ಬಿಚ್ಚಿ ಪಕ್ಕದಲ್ಲಿ ಕುಳಿತರು, ನಾನೂ ಮುದುಕಿಯೂ ಹಿಂದೆ. ಹೆಂಡತಿಯ ಎಡಗಾಲು ಅಭ್ಯಾಸಬಲದಿಂದ ಮುಂದೆ ಹೋಗಿ ಇಲ್ಲದ ಕ್ಲಚ್ಚನ್ನು ತಡಕಿತು.

"ಆ ಕಾಲು ಸುಮ್ನ ಇಡ್ರಿ ಅಕ್ಕಾರ. ಅದಕ್ಕ ರಜಾ."

ಕಾರು ಸದ್ದಿಲ್ಲದೆ ಹೊರಟಿತು. ಮುದುಕಿ ಮುಂದಿನ ಸೀಟು ಹಿಡಿದುಕೊಂಡು, "ಯಾವಾಗ ಚಾಲೂ ಮಾಡಿದ್ರಿ ಯವ್ವಾ?" ಎಂದಳು. ಊರು ದಾಟುವ ತನಕ ನನ್ನ ಹೆಂಡತಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದಳು. ಎದುರು ಬಂದ ಲಾರಿಗೆ ಅಗತ್ಯಕ್ಕಿಂತ ಹೆಚ್ಚೇ ದಾರಿ ಬಿಟ್ಟಳು. ಆಮೇಲೆ ಭುಜ ಸಡಿಲವಾಯಿತು. ರಸ್ತೆಯ ಉಬ್ಬುಗಳಲ್ಲಿ ನಿಧಾನ ಮಾಡಿದಳು, ಮತ್ತೆ ವೇಗ ಕೊಟ್ಟಳು. ಎಡಗಾಲು ಅಲ್ಲಾಡಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಅವಳ ಶಾಲೆಗೆ ಹೋಗುವ ರಸ್ತೆಯೂ ಇದೇ. ದಿನವೂ ಬಸ್ಸಿನ ಕಿಟಕಿಯಿಂದ ಕಾಣುವುದನ್ನು ಅವಳು ಅಂದು ಮುಂದಿನ ಗಾಜಿನಿಂದ ನೋಡಿದಳು.

ತನ್ನೂರಿನ ಬಳಿ ಇಳಿದ ಮುದುಕಿ ಸೊಂಟದ ಚೀಲದಿಂದ ನೋಟು ತೆಗೆದಳು. ನನ್ನ ಹೆಂಡತಿ ಕೈ ಅಡ್ಡ ಹಿಡಿದಳು. "ಬ್ಯಾಡಬೇ, ಇಟ್ಕೋ."

"ಹಂಗಂದ್ರ ಹೆಣ್ಮಕ್ಳು ಓಡ್ಸೋ ಗಾಡಿನೂ ಹೆಣ್ಮಕ್ಳಿಗೆ ಪುಕ್ಕಟೆನಾ?" ಎಂದಳು ಮುದುಕಿ. "ನಾಳಿ ಇದ ಹೊತ್ತಿಗೆ ಬಾ ಮತ್ತ. ಸಂತಿಗೆ ಹೋಗೂದೈತಿ."

"ನಾಳಿ ಇಲ್ಲಬೇ," ಎಂದಳು ನನ್ನ ಹೆಂಡತಿ. "ಸಾಲಿ ಚಾಲೂ ಆಗ್ಲಿ. ದಿನಾ ಇದ ದಾರಿಲೆ ಬರ್ತೀನಿ."

ವ್ಯಾಪಾರಿ ತಿರುಗಿ ನನ್ನ ಮುಖ ನೋಡಿದರು. ಮನೆಯ ಆ ಸುದ್ದಿ ನನಗೂ ಅವರಿಗೂ ಒಟ್ಟಿಗೇ ಗೊತ್ತಾಗಿತ್ತು.