ಬಾಯಿ ಬಿಡದ ನಾಯಕನ ಪರವಾಗಿ

ನಮ್ಮ ಮನೆಯಲ್ಲಿ ರಾಜಕೀಯಕ್ಕಾಗಲಿ ಆಸ್ತಿಗಾಗಲಿ ಜಗಳವಾದದ್ದಿಲ್ಲ. ಆಗುವುದೆಲ್ಲ ಒಬ್ಬ ಪ್ರೇಮಿಯ ವಿಷಯಕ್ಕೆ. ಗಾಬರಿಯಾಗಬೇಡಿ, ಅವನು ಹಳೆಯ ಕಾದಂಬರಿಯೊಂದರ ನಾಯಕ. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಸೇರಿಬಿಡುತ್ತೀರಿ.

ಅದು ಎರಡು ಸಲ ಸಿನಿಮಾ ಆಗಿದೆ, ಒಮ್ಮೆ ಕಪ್ಪು ಬಿಳುಪಿನಲ್ಲಿ, ಒಮ್ಮೆ ಬಣ್ಣದಲ್ಲಿ. ಕಪ್ಪು ಬಿಳುಪಿನ ನಾಯಕ ಮಾತೇ ಆಡುವುದಿಲ್ಲ. ಪ್ರೀತಿಸಿದವಳು ಊರು ಬಿಟ್ಟು ಹೊರಟಾಗ ಅವಳ ಟ್ರಂಕಿಗೆ ಹಗ್ಗ ಬಿಗಿದು, ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ತಿರುಗಿ ನಡೆಯುತ್ತಾನೆ. ಬಣ್ಣದ ನಾಯಕನೋ, ರೈಲು ಹೊರಟ ಮೇಲೂ ಅದರ ಜೊತೆ ಓಡುತ್ತ ತನ್ನ ಪ್ರೀತಿಯನ್ನೆಲ್ಲ ಕೂಗಿ ಹೇಳುತ್ತಾನೆ. ಬಸವನಗುಡಿಯ ನಮ್ಮ ನೆಂಟರಂತೂ ಫೋನಿನ ಗ್ರೂಪಿನಲ್ಲಿ ಇದೇ ವಿಷಯಕ್ಕೆ ಎರಡು ಬಣವಾಗಿದ್ದಾರೆ. ನಾನು ಮೊದಲನೆಯವನ ಪಕ್ಷ. ನನ್ನ ಹೆಂಡತಿ ಸರ್ವಮಂಗಳ ಎರಡನೆಯವನ ಕಟ್ಟಾ ಅಭಿಮಾನಿ.

"ಮನಸಲ್ಲಿರೋದನ್ನ ಬಾಯ್ಬಿಟ್ಟು ಹೇಳೋಕೇನು ರೋಗ?" ಎನ್ನುತ್ತಾಳೆ. ಬೈಯುವುದು ಆ ನಾಯಕನಿಗೆ, ನೋಡುವುದು ನನ್ನ ಕಡೆಗೆ. ನಮ್ಮ ಹಿಂದಿನ ಆಲಂಕಾರಿಕರು ನಾಯಕರನ್ನು ಧೀರೋದಾತ್ತ, ಧೀರಲಲಿತ ಎಂದೆಲ್ಲ ವಿಂಗಡಿಸಿದರು. ದಿನವಿಡೀ ಚಿಕ್ಕಪೇಟೆಯಲ್ಲಿ ಪಾತ್ರೆ ಮಾರಿ, ಇದ್ದಬದ್ದ ಮಾತನ್ನೆಲ್ಲ ಗಿರಾಕಿಗಳ ಜೊತೆ ಆಡಿ ಮುಗಿಸಿ, ಗವಿಪುರಂನ ಮನೆಗೆ ಬಂದು ಪೇಪರ್ ಹಿಡಿದು ಕೂರುವವನಿಗೆ ಮಾತ್ರ ಒಂದು ಹೆಸರು ಕೊಡಲಿಲ್ಲ. ನನಗಿದ್ದ ಆಸರೆ ಆ ಕಪ್ಪು ಬಿಳುಪಿನವನೊಬ್ಬನೇ. ಅವನು ಸೋತರೆ, ಮದುವೆಯಾದಂದಿನಿಂದ ನಾನು ಕಾಪಾಡಿಕೊಂಡು ಬಂದ ಮೌನ ಬರೀ ಸೋಮಾರಿತನ ಎಂದು ತೀರ್ಪಾಗಿಬಿಡುತ್ತದೆ.

ಹೋದ ಭಾನುವಾರ, ಇವತ್ತು ಇತ್ಯರ್ಥ ಆಗಿಯೇ ಹೋಗಲಿ ಎಂದು ನಾನೇ ಸವಾಲು ಹಾಕಿದೆ. ನ್ಯಾಯಾಧೀಶರು ನಮ್ಮಮ್ಮ. ಅಮ್ಮನಿಗೆ ಕಿವಿ ಪೂರ್ತಿ ಮಂದ. ಆ ಕಾದಂಬರಿ ಓದಿದವಳಲ್ಲ, ಸಿನಿಮಾ ನೋಡಿದವಳೂ ಅಲ್ಲ. "ನಟ ಅಂದ್ಮೇಲೆ ಮುಖ ನೋಡಿದ್ರೇ ಗೊತ್ತಾಗ್ಬೇಕು," ಎಂದೆ. "ಆಗ್ಲಿ, ಹಾಕಿ," ಎಂದಳು ಸರ್ವಮಂಗಳ.

ಮೊದಲು ಟಿವಿಯಲ್ಲಿ ಬಣ್ಣದವನು ಓಡಿದ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಪಾಪ, ಬ್ಯಾಗು ರೈಲಲ್ಲೇ ಬಿಟ್ಟಿದಾನೇನೋ!"

ನಾನು ಕಷ್ಟಪಟ್ಟು ನಗು ತಡೆದುಕೊಂಡೆ. ಆಮೇಲೆ ನನ್ನವನು ಬಂದ. ಹಗ್ಗ ಬಿಗಿದ, ಗಂಟು ಎಳೆದು ನೋಡಿದ, ತಿರುಗಿ ನಡೆದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗ್ಬೇಡ ಅಂತಿದಾನೆ ಕಣೋ. ಅವಳಿಗೆ ಕೇಳಿಸ್ತಿಲ್ವಾ?"

ತುಟಿ ಅಲುಗಿಸದವನ ಮಾತು ಕಿವಿ ಕೇಳದವಳಿಗೆ ಕೇಳಿಸಿತ್ತು! ನಾನು ಸೋಫಾದಿಂದೆದ್ದು ಕುಣಿದೇಬಿಟ್ಟೆ. ಈ ವಯಸ್ಸಿನಲ್ಲಿ, ಪಂಚೆಯಲ್ಲಿ, ಅದೂ ಬೀದಿ ಕಡೆಯ ಕಿಟಕಿ ತೆರೆದಿಟ್ಟುಕೊಂಡು.

"ಗೆದ್ರಿ, ಒಪ್ಕೊಂಡೆ," ಎಂದಳು ಸರ್ವಮಂಗಳ. "ಆದ್ರೆ ಒಂದ್ಮಾತು ರೀ. ಅವನು ಮಾತಾಡ್ದಿದ್ರೂ ಕ್ಯಾಮೆರಾ ಅವನ ಮುಖದ ಹತ್ರ ಹೋಗುತ್ತೆ. ನಿಮ್ಮ ಮುಖದ ಮುಂದೆ ಯಾವಾಗ್ಲೂ ಪೇಪರ್ ಇರುತ್ತಲ್ಲ, ನಾನೇನು ನೋಡ್ಲಿ?"

ಕುಣಿತ ನಿಂತಿತು. ಆದರೆ ಗೆದ್ದವನ ಹುಮ್ಮಸ್ಸು ಇನ್ನೂ ಇತ್ತು, ಅದು ಇಳಿಯುವ ಮುಂಚೆ ಹೇಳಿಬಿಟ್ಟೆ: "ಮಂಗಳ, ನೀನಂದ್ರೆ ನಂಗೆ ಪ್ರಾಣ ಕಣೆ."

ಅವಳ ಮುಖ ಕೆಂಪಾಯಿತು. "ಅಯ್ಯೋ, ಅತ್ತೆ ಕೂತಿದಾರೆ, ಸುಮ್ನಿರಿ!"

ನೋಡಿದಿರಾ? ಮಾತಿನ ಮಲ್ಲನ ಅಭಿಮಾನಿಯೇ ನನ್ನನ್ನು ಸುಮ್ಮನಿರಿ ಎಂದಳು. ಒಂದೇ ಸಂಜೆಗೆ ಎರಡು ಗೆಲುವು! ಅವಳ ಮಾತನ್ನು ಮಾತ್ರ ನಾನು ಕೇಳಲಿಲ್ಲ. ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಿದೆ.