ತುಂಡಾಗದ ದಾರ

ಶನಿವಾರ ಬೆಳಿಗ್ಗೆ ಇಲ್ಮೊ ರಾತಿಕೈನೆನ್ ಬರಿಗಾಲಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದ. ಮುಳ್ಳು ತುಸು ಹೊಯ್ದಾಡಿ ಐವತ್ತೊಂಬತ್ತಕ್ಕೆ ನಿಂತಿತು. ಅಡುಗೆಮನೆಗೆ ಬಂದು ರೈ ಬ್ರೆಡ್ಡಿನ ತುಂಡನ್ನು ಮುರಿದು, ದೊಡ್ಡ ಪಾಲನ್ನು ಹೆಂಡತಿಯ ತಟ್ಟೆಗೆ ಹಾಕಿದ.

"ಹತ್ತು ವರ್ಷದಿಂದ ನಿನ್ನ ಪಾಲೂ ನಾನೇ ತಿಂತಿದೀನಿ," ಎಂದಳು ಮಾರ್ಕೆಟ್ಟಾ. "ಈಗ ನಾನು ಜಿಗಿದ್ರೆ ಗುಡ್ಡಾನೇ ಕುಸಿಯತ್ತೆ." ಕಾಫಿ ಬಗ್ಗಿಸುತ್ತ ಸೇರಿಸಿದಳು: "ಕಾಗದದ ಕಾರ್ಖಾನೆ ಮೇಸ್ತ್ರಿ ಮತ್ತೆ ಫೋನ್ ಮಾಡಿದ್ದ. ಆ ಕೆಲಸ ಇವತ್ತು ಸಂಜೆವರೆಗೆ ಮಾತ್ರ ನಿನಗೆ ಅಂತ ಇಟ್ಟಿರ್ತಾನಂತೆ."

"ಸಂಜೆ ಹೇಳ್ತೀನಿ."

ಅದು ೧೯೯೧ರ ಡಿಸೆಂಬರ್. ಇಲ್ಮೊಗೆ ಇಪ್ಪತ್ತೊಂಬತ್ತು. ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿ ಹಿಮದ ಗುಡ್ಡದಿಂದ ಹಾರುವ ಸ್ಕೀ ಜಿಗಿತದಲ್ಲಿ ಮೂರು ಸಲ ಫಿನ್ಲೆಂಡಿನ ಚಾಂಪಿಯನ್ ಆಗಿದ್ದ. ಮೈ ಹಗುರವಿದ್ದಷ್ಟೂ ದೂರ ಹೋಗುವ ಆಟ ಅದು. ರಾಷ್ಟ್ರೀಯ ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ. ಅದಕ್ಕೆ ಅವನೂ ಪಾಸಿ ಎಂಬ ಹತ್ತೊಂಬತ್ತರ ಹುಡುಗನೂ ಆ ದಿನ ಎರಡೆರಡು ಸಲ ಜಿಗಿಯಬೇಕಿತ್ತು.

ಇಲ್ಮೊ ಏಳು ವರ್ಷದವನಿದ್ದಾಗ ತರಬೇತುದಾರ ತೌನೊ ಅವನ ಎರಡು ಸ್ಕೀಗಳ ತುದಿಯನ್ನು ಕೆಂಪು ಉಣ್ಣೆದಾರದಿಂದ ಕಟ್ಟುತ್ತಿದ್ದ. ಗಾಳಿಯಲ್ಲಿ ಸ್ಕೀಗಳು ಗೇಣಿಗಿಂತ ಹೆಚ್ಚು ಅಗಲಿದರೆ ದಾರ ತುಂಡಾಗುತ್ತಿತ್ತು. ತುಂಡಾದರೆ ಗುಡ್ಡದ ಮೆಟ್ಟಿಲನ್ನು ಎರಡು ಸಲ ಹತ್ತಿಳಿಯಬೇಕು. ಆ ಊರಿನ ಮಕ್ಕಳೆಲ್ಲ ಹಾಗೇ ಕಲಿತವರು. ಹನ್ನೊಂದು ತುಂಬುವ ಹೊತ್ತಿಗೆ ಇಲ್ಮೊನ ದಾರ ತುಂಡಾಗುವುದು ನಿಂತೇಹೋಯಿತು. ಅವನು ಹಾರಿದರೆ ಎರಡು ಸ್ಕೀ ಒಂದೇ ಹಲಗೆಯಂತೆ ಕಾಣುತ್ತಿದ್ದವು; ತೀರ್ಪುಗಾರರು ಅದಕ್ಕೇ ಅಂಕ ಕೊಡುತ್ತಿದ್ದರು.

ಆಮೇಲೆ ಯಾರೋ ಸ್ಕೀಗಳನ್ನು ಬೀಸಣಿಗೆಯಂತೆ ಅಗಲಿಸಿ ಹಾರಿದರು. ತೀರ್ಪುಗಾರರು ಮೊದಮೊದಲು ಅಂಕ ಕತ್ತರಿಸಿದರು. ಆದರೆ ಹಾಗೆ ಹಾರಿದವರು ಹತ್ತು ಮೀಟರ್ ಮುಂದೆ ಇಳಿಯುತ್ತಿದ್ದರು. ಎರಡೇ ಚಳಿಗಾಲದಲ್ಲಿ ಎಲ್ಲರೂ ಅಗಲಿಸಿದರು. ಇಲ್ಮೊ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಸಿನ ಗುಡ್ಡದಲ್ಲಿ ನಾನೂರು ಸಲ ಜಿಗಿದ. ನೆಲದ ಮೇಲೆ ಕಾಲುಗಳು ಹೇಳಿದ ಮಾತು ಕೇಳುತ್ತಿದ್ದವು. ಮೇಲೆ ಗಾಳಿ ಅಲುಗಿದೊಡನೆ ತಾವಾಗಿ ಕೂಡಿಕೊಳ್ಳುತ್ತಿದ್ದವು.

ಆ ಶನಿವಾರ ಜಿಗಿತದ ಗೋಪುರದ ಲಿಫ್ಟಿನಲ್ಲಿ ಪಾಸಿ ಪಕ್ಕದಲ್ಲಿದ್ದ. "ಅಣ್ಣಾ, ನಿಮ್ಮ ಫೋಟೋ ನಮ್ಮ ಸ್ಕೂಲ್ ಗೋಡೆ ಮೇಲಿತ್ತು."

"ಈಗಿಲ್ವಾ?"

"ಗೊತ್ತಿಲ್ಲ, ನಾನು ಸ್ಕೂಲ್ ಬಿಟ್ಟೆ." ಅವನು ನಕ್ಕ. "ಕಾಲು ಅಗಲ ಮಾಡಿ ಅಣ್ಣಾ, ನಾಚ್ಕೋಬೇಡಿ. ಮೇಲೆ ಯಾರು ನೋಡ್ತಾರೆ?"

"ಐದು ಜನ ತೀರ್ಪುಗಾರರು ನೋಡ್ತಾರಲ್ಲೋ. ಅದಕ್ಕೇ ಅವರಿಗೆ ಕುರ್ಚಿ ಹಾಕಿರೋದು."

ಮೊದಲ ಸುತ್ತಿನಲ್ಲಿ ಗಾಳಿ ಸುಮ್ಮನಿತ್ತು. ಇಲ್ಮೊನ ಸ್ಕೀಗಳು ಅಗಲಿದವು, ಅಗಲಿಯೇ ಉಳಿದವು. ನೂರೆಂಟು ಮೀಟರ್. ಪಾಸಿಯದು ನೂರೊಂಬತ್ತು. ಜಿಗಿತದಂಚಿನ ಪಕ್ಕದ ಕಟ್ಟೆಯ ಮೇಲೆ ತೌನೊ ನಿಂತಿದ್ದ. ಕೈಗವಸು ತೆಗೆದು ಮತ್ತೆ ಹಾಕಿಕೊಂಡ.

ಎರಡನೇ ಸುತ್ತಿನಲ್ಲಿ ಪಾಸಿ ಮೊದಲು ಜಿಗಿದು ನೂರಹನ್ನೆರಡಕ್ಕೆ ಇಳಿದ. ತೌನೊ ಹೊರಡು ಎಂದು ಬಾವುಟ ಬೀಸಿದ. ಇಲ್ಮೊ ಜಾಡಿನಲ್ಲಿ ಜಾರಿ, ಅಂಚಿನಲ್ಲಿ ಸರಿಯಾದ ಕ್ಷಣಕ್ಕೇ ಚಿಮ್ಮಿದ. ಸ್ಕೀಗಳು ತೆರೆದವು. ಎಡಗಡೆಯಿಂದ ಒಂದು ಸಣ್ಣ ಗಾಳಿ ಬಂತು. ಅಗಲಿಸು ಎಂದು ಅವನು ಮನಸ್ಸಿನಲ್ಲಿ ಹೇಳಿಕೊಳ್ಳುವಷ್ಟರಲ್ಲಿ ಸ್ಕೀಗಳು ಕೂಡಿಕೊಂಡಿದ್ದವು. ಕೆಳಗಿನ ಹಿಮ ಬೇಗ ಹತ್ತಿರವಾಯಿತು.

ತೊಂಬತ್ತೇಳು ಮೀಟರ್. ಇಬ್ಬರು ಹಳೆಯ ತೀರ್ಪುಗಾರರು ಇಪ್ಪತ್ತಕ್ಕೆ ಹತ್ತೊಂಬತ್ತೂವರೆ ಅಂಕ ಕೊಟ್ಟರು. ಆ ದಿನ ಬೇರೆ ಯಾರಿಗೂ ಅಷ್ಟು ಸಿಗಲಿಲ್ಲ.

ತೌನೊ ಕೆಳಗಿಳಿದು ಬಂದು ಅವನ ಸ್ಕೀ ಬಿಚ್ಚಲು ಬಗ್ಗಿದ. ಎಪ್ಪತ್ತರ ಬೆರಳುಗಳಿಗೆ ಕೊಂಡಿ ಸಿಗಲಿಲ್ಲ.

"ಚೆನ್ನಾಗಿತ್ತು ಕಣೋ," ಎಂದ, ತಲೆ ಎತ್ತದೆ. "ದಾರ ಕಟ್ಟಿದ್ರೂ ತುಂಡಾಗ್ತಿರ್ಲಿಲ್ಲ."

"ಗೊತ್ತು."

"ನಾನು ಕಟ್ಟಬಾರದಿತ್ತು."

"ಎಲ್ಲರಿಗೂ ಕಟ್ಟಿದ್ರಲ್ಲ. ಬಿಡಿ, ನಾನೇ ಬಿಚ್ಚಿಕೊಳ್ತೀನಿ."

ಅವನು ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ಗುಡ್ಡದ ಕಚೇರಿಗೆ ಹೋದ. ಅಲ್ಲಿನ ಫೋನಿನಿಂದ ಮೊದಲು ಮೇಸ್ತ್ರಿಗೆ ಕರೆ ಮಾಡಿದ, ಆಮೇಲೆ ಮಾರ್ಕೆಟ್ಟಾಗೆ. ರಾತ್ರಿಯೂಟಕ್ಕೆ ಏನು ಮಾಡಲಿ ಎಂದು ಅವಳು ಕೇಳಿದಳು. ಏನಾದರೂ ಮಾಡು, ತಿಂತೀನಿ ಎಂದ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕಾರ್ಖಾನೆಯಲ್ಲಿ ಅವನ ಮೊದಲ ಪಾಳಿ.