ಗುಲಾಬಕ್ಕನಿಗೆ ಬಾರದ ಸದ್ದು

ಗುಲಾಬಕ್ಕನ ಬಾಯೊಳಗೆ ಒಂದು ಊರೇ ಇತ್ತು. ಹೊಳೆಬಾಗಿಲಿನಲ್ಲಿ ಲಾಂಚು ದಡ ಬಿಡುವ ಸದ್ದು, ಮಾಸ್ತಿಕಟ್ಟೆ ಕಡೆಯ ಏರಿನಲ್ಲಿ ಒದ್ದಾಡುವ ಬಸ್ಸು, ಕುಕ್ಕರಿನ ಸೀಟಿ, ಏನು ಕೇಳಿದರೂ ಹೊಲಿಗೆ ಮಿಷನ್ ನಿಲ್ಲಿಸದೆಯೇ ಮಾಡಿ ತೋರಿಸುತ್ತಿದ್ದಳು. ಸಾಗರದ ಪೇಟೆಯಲ್ಲಿದ್ದ ಅವಳ ಪುಟ್ಟ ಟೈಲರಿಂಗ್ ಅಂಗಡಿಗೆ ರವಿಕೆಯ ಅಳತೆ ಕೊಡಲು ಹೋದವರು ಬಂದ ಕೆಲಸ ಮರೆತು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾನೂ ಎಷ್ಟೋ ಮಧ್ಯಾಹ್ನ ಹಾಗೆ ಕೂತು, ನೀರಿನ ಮೇಲೆ ಎಲ್ಲಿಗೋ ತೇಲಿ ಹೋಗಿದ್ದೇನೆ.

ಒಮ್ಮೆ ಗಿರಾಕಿಯೊಬ್ಬರ ಗಂಡನ ಸ್ಕೂಟರಿನ ಸದ್ದು ಮಾಡಿದಳು. ಆಕೆ ಕುಡಿಯುತ್ತಿದ್ದ ಚಹಾ ಬಿಟ್ಟು ಬೀದಿಗೆ ಓಡಿದರು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದರೆ, "ಕಲಿಯದು ಎಂತದು ಮಾರಾಯ್ತಿ? ಕಿವಿ ಕೊಟ್ರೆ ತಾನಾಗೇ ಬರ್ತದೆ" ಎನ್ನುತ್ತಿದ್ದಳು.

ನನಗಾಗ ಏಳು ತಿಂಗಳು. ಮೊದಲ ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ತಲೆನೋವಿನ ಮಾತ್ರೆಗೂ ಹೆದರುತ್ತಿದ್ದೆ. ಹುಟ್ಟುವ ಮಗುವಿಗೆ ನಾಯಿಕೆಮ್ಮು ತಗುಲದಂತೆ ಈಗಲೇ ಒಂದು ಇಂಜೆಕ್ಷನ್ ತಗೊಳ್ಳಿ ಎಂದು ಡಾಕ್ಟರು ಹೇಳಿದ್ದರು. ತಲೆಯಾಡಿಸಿ, ತಗೊಳ್ಳದೆ ಬಂದಿದ್ದೆ. ರವಿಕೆ ಸಡಿಲ ಮಾಡಿಸಲು ಹೋದಾಗ ಗುಲಾಬಕ್ಕನಿಗೆ ಅದನ್ನೇ ಹೇಳಿದೆ.

"ಈಗ ನಾಯಿಕೆಮ್ಮು ಎಲ್ಲಿದೆ ಅಕ್ಕ? ಸುಮ್ನೆ ಯಾಕೆ ಸೂಜಿ? ನಂಗೆ ಭಯ ಆಗ್ತದೆ."

ಮಿಷನ್ ನಿಂತಿತು. ಅವಳು ಉಸಿರೆಳೆಯಲು ಬಿಡುವಿಲ್ಲದಂತೆ ಕೆಮ್ಮತೊಡಗಿದಳು. ಕೆಮ್ಮಿ ಕೆಮ್ಮಿ, ಇನ್ನೇನು ಉಸಿರೇ ಇಲ್ಲ ಎನ್ನುವಾಗ ಉಸಿರು ಒಳಕ್ಕೆಳೆದ ರಭಸಕ್ಕೆ ಗಂಟಲಲ್ಲಿ ಉದ್ದನೆಯ ಕೂಗೊಂದು ಎದ್ದಿತು.

"ಇದು ನಮ್ಮಣ್ಣಂದು," ಎಂದಳು. "ಹೊಸನಗರದ ಕಡೆ ಇದ್ವಿ ಆಗ. ಅವ್ನು ಉಳ್ಕಂಡ. ತಮ್ಮ ಒಬ್ಬ ಇದ್ದ, ಒಂದು ತಿಂಗಳಿನ ಮಗು. ಅವನಿಗೂ ಅದೇ ಅಂಟಿತ್ತು."

"ಅವನ ಕೆಮ್ಮು?"

"ಅವ್ನು ಕೆಮ್ಮಲೇ ಇಲ್ಲ ತಂಗಿ. ಅಷ್ಟು ಸಣ್ಣ ಮಗೂಗೆ ಕೆಮ್ಮಕ್ಕೂ ಶಕ್ತಿ ಬೇಕಲ್ಲ. ಎಲ್ರೂ ಅಣ್ಣನ ಹತ್ರ ಓಡಿದ್ರು, ಸದ್ದು ಅಲ್ಲಿತ್ತಲ್ಲ. ತೊಟ್ಟಿಲ ಹತ್ರ ನಾನಿದ್ದೆ. ನಿದ್ದೆ ಬಂತು ಅಂದ್ಕಂಡೆ. ಉಸಿರು ನಿಂತಿದ್ದು ಗೊತ್ತಾಗ್ಲಿಲ್ಲ."

ಅಂಗಡಿಯೊಳಗೆ ಸಂಜೆಯ ಬಿಸಿಲು ಬಟ್ಟೆಗಳ ಮೇಲೆ ಬಿದ್ದಿತ್ತು.

"ಸೂಜಿ ವಿಷ್ಯ ನಂಗೊತ್ತಿಲ್ಲ. ಭಯ ಇದ್ರೆ ಡಾಕ್ಟ್ರ ಹತ್ರನೇ ಹೇಳು, ನನ್ ಹತ್ರ ಹೇಳಿ ಎಂತ ಆಗ್ತದೆ?" ಎಂದು ಮತ್ತೆ ಮಿಷನ್ ತುಳಿದಳು.

ಮರುದಿನ ಹೋಗಿ ಹೇಳಿದೆ. ಲಸಿಕೆಯಿಂದ ನನ್ನಲ್ಲಿ ಹುಟ್ಟುವ ಶಕ್ತಿ ಮಗುವಿಗೂ ಹೋಗುತ್ತದೆ, ಮಗುವಿನದೇ ಲಸಿಕೆಗಳು ಶುರುವಾಗುವ ತನಕ ಅದನ್ನು ಕಾಪಾಡುತ್ತದೆ ಎಂದು ಡಾಕ್ಟರು ಸಮಾಧಾನವಾಗಿ ವಿವರಿಸಿದರು. ತೋಳು ಒಡ್ಡಿದೆ. ಎರಡು ದಿನ ತೋಳು ನೋಯಿತು, ಅಷ್ಟೆ.

ಈಗ ಗುಲಾಬಕ್ಕ ಇಲ್ಲ. ಹೃದಯಾಘಾತವಂತೆ, ತೀರ್ಥಹಳ್ಳಿಯ ತಂಗಿಯ ಮನೆಗೆ ಹೋದವಳು ಮರಳಲಿಲ್ಲ. ಅವಳನ್ನು ಕೊನೆಯ ಸಲ ನೋಡಿದ್ದು ಒಂದು ತಿಂಗಳಿನ ಮಗಳನ್ನು ಎತ್ತಿಕೊಂಡು ಅಂಗಡಿಗೆ ಹೋದಾಗ. ಮಡಿಲಿಗೆ ಹಾಕಿಕೊಂಡು, ಬಗ್ಗಿ, ಮಗುವಿನ ಮೂಗಿನ ಹತ್ತಿರ ಕಿವಿ ಇಟ್ಟಳು. ಹೊರಗೆ ಬಸ್ಸುಗಳು ಹೋದವು, ಯಾರೋ ಬಂದು ರವಿಕೆ ಆಯಿತಾ ಎಂದು ಕೇಳಿ ಹೋದರು. ಅವಳು ತಲೆ ಎತ್ತಲಿಲ್ಲ.

"ನಿದ್ದೆ ಮಾಡಿದ್ದಾಳೆ ಅಕ್ಕ," ಎಂದೆ.

"ಗೊತ್ತು," ಎಂದಳು. "ಇನ್ನೊಂಚೂರು ಹೊತ್ತು ನೋಡ್ಕಂತೀನಿ."